ಮೊಲ ಮುಡಿ ಕೊಟ್ಟದ್ದು

ದ್ವಾರಕಾನಾಥರಾಯರು ಜೀವಮಾನದಲ್ಲಿ ತಪ್ಪು ಮಾಡಿದವರಲ್ಲ. ಈ ಮಾತು ನಮ್ಮದಲ್ಲ, ಅವರದೇ. ಸರ್ಕಾರಿ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ದುಡಿದು ನಿವೃತ್ತರಾದವರು ಅವರು. ಒಂದು ಬೋಲ್ಟು ಕೂಡ ಅವರ ಕಣ್ಣು ತಪ್ಪಿಸಿ ಕಾರ್ಖಾನೆಯ ಗೇಟು ದಾಟುವಂತಿರಲಿಲ್ಲ. ಮನುಷ್ಯ ನಿವೃತ್ತನಾದರೂ ಕಣ್ಣು ನಿವೃತ್ತವಾಗಲಿಲ್ಲ. ಬೇಗೂರಿನ ಆಚೆ ನೌಕರರ ಬಡಾವಣೆಯಲ್ಲಿದ್ದ ಅವರ ಮನೆಗೆ ಬರುವ ಬದನೆಕಾಯಿ, ಹಾಲು, ಮಗಳನ್ನು ನೋಡಲು ಬರುವ ವರ, ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ ‘ಪಾಸ್’ ಅಥವಾ ‘ರಿಜೆಕ್ಟ್’ ಎಂದು ತೀರ್ಪು ಕೊಡುತ್ತಿದ್ದರು. ಬದನೆಕಾಯಿ ಆಗಾಗ ಪಾಸಾಗುತ್ತಿತ್ತು. ವರ ಒಬ್ಬನೂ ಆಗಲಿಲ್ಲ. ಹೀಗಾಗಿ ಮಗಳು ಸುಕೃತಿ ಇನ್ನೂ ಮನೆಯಲ್ಲೇ ಇದ್ದು, ಬೊಮ್ಮಸಂದ್ರದ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದಳು.

ಅವರ ಪತ್ನಿ ವತ್ಸಲಾ ಒಂದು ದಿನ ಸರ್ಜಾಪುರದ ಸಂತೆಗೆ ಸೊಪ್ಪು ತರಲು ಹೋಗಿ, ಸೊಪ್ಪಿನ ಜೊತೆಗೆ ಅದನ್ನು ತಿನ್ನುವ ಎರಡು ಮೊಲದ ಮರಿಗಳನ್ನೂ ತಂದರು. ರಾಯರು ಟ್ಯೂಬ್‌ಲೈಟಿನ ಕೆಳಗೆ ಒಂದೊಂದನ್ನೂ ಮಗುಚಿ ಹಾಕಿ, ಭೂತಗನ್ನಡಿ ಹಿಡಿದು ಪರೀಕ್ಷಿಸಿದರು.

“ಎರಡೂ ಗಂಡು. ಪಾಸ್.”

ಅಲ್ಲಿಗೆ ಆ ಮೊಲಗಳ ಜಾತಕ ಬರೆದು ಮುಗಿಯಿತು. ದೈವಭಕ್ತರಾದ ರಾಯರು ಬಿಳಿಯದಕ್ಕೆ ಜಯ, ಬೂದಿ ಬಣ್ಣದ್ದಕ್ಕೆ ವಿಜಯ ಎಂದು ವೈಕುಂಠದ ದ್ವಾರಪಾಲಕರ ಹೆಸರಿಟ್ಟರು. ಬೊಮ್ಮಸಂದ್ರದಲ್ಲಿ ಕಬ್ಬಿಣದ ಗೂಡು ವೆಲ್ಡಿಂಗ್ ಮಾಡಿಸಿ ನಡುಮನೆಯಲ್ಲಿ ಇಟ್ಟರು.

ಮರುತಿಂಗಳೇ ವತ್ಸಲಾ ಹೋಗಿಬಿಟ್ಟರು. ಬೆಳಿಗ್ಗೆ ತುಳಸಿಗೆ ನೀರೆರೆದು ಒಳಗೆ ಬಂದವರು ಕೂತರು, ಕೂತವರು ಏಳಲಿಲ್ಲ. ಅದರ ಬಗ್ಗೆ ಹೆಚ್ಚು ಹೇಳಿದರೆ ಈ ಕಥೆ ಹಾಸ್ಯದ ಕಥೆಯಾಗಿ ಉಳಿಯುವುದಿಲ್ಲ. ವೈಕುಂಠ ಸಮಾರಾಧನೆಯವರೆಗೆ ಜನ ಬಂದರು, ಊಟ ಮಾಡಿದರು, ಕಣ್ಣೊರೆಸಿಕೊಂಡರು, ಹೋದರು. ಅಪ್ಪ ಮಗಳ ನಡುವೆ ಉಳಿದದ್ದು “ಗ್ಯಾಸ್ ಬುಕ್ ಮಾಡಿದೆಯಾ?” “ಮಾಡಿದೆ” ಎನ್ನುವಷ್ಟು ಮಾತು. ವತ್ಸಲಾ ಕೈಯಾರೆ ತಂದ ಜೀವ ಎಂದು ಆ ಮನೆಯಲ್ಲಿ ಉಳಿದದ್ದು ಮೊಲಗಳೆರಡೇ. ಅವುಗಳಿಗೆ ಏನಾದರೂ ಆದರೆ ತಮಗೆ ತಡೆಯದು ಎಂದು ರಾಯರಿಗೆ ಗೊತ್ತಿತ್ತು. ಆದ್ದರಿಂದ ಪ್ರತಿದಿನವೂ ಅವುಗಳನ್ನು ತಪಾಸಣೆ ಮಾಡುತ್ತಿದ್ದರು.

ಮೊಲಗಳು ಬೆಳೆದವು. ಬೆಳೆದಂತೆ ದ್ವಾರಪಾಲಕರ ನಡತೆ ಬದಲಾಯಿತು. ವಿಜಯ ತನ್ನ ಗಲ್ಲವನ್ನು ಗೂಡಿನ ಕಂಬಿ ಕಂಬಿಗೂ ಉಜ್ಜಿದ. ಜಯನ ಸುತ್ತ ಗುರುಗುಟ್ಟುತ್ತ ಪ್ರದಕ್ಷಿಣೆ ಹಾಕಿದ. ಒಂದು ಸಂಜೆ ಹಿಂದಿನಿಂದ ಹೋಗಿ ಜಯನ ಬೆನ್ನೇರಿ, ಅರೆಗಳಿಗೆಯಲ್ಲಿ ‘ಕೀಚ್’ ಎಂದು ಕೂಗಿ, ಕಡಿದ ಬಾಳೆಯಂತೆ ಪಕ್ಕಕ್ಕೆ ಬಿದ್ದ.

ರಾಯರ ಜೀವ ಬಾಯಿಗೆ ಬಂತು. ಮೂರ್ಛೆರೋಗ! ಓಡಿಹೋಗಿ ಬೀರುವಿನ ಬೀಗದ ಕೈ ಗೊಂಚಲನ್ನು ತಂದು ವಿಜಯನ ಮುಂಗಾಲಿಗೆ ಒತ್ತಿ ಹಿಡಿದರು. ಗದ್ದಲ ಕೇಳಿ ಪಕ್ಕದ ಮನೆಯ ಅಂಜಿನಮ್ಮ ಬಂದರು. ಬಡಾವಣೆ ಏಳುವ ಮೊದಲು ಅಲ್ಲೆಲ್ಲ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಈಗ ಅದೇ ನೆಲದಲ್ಲಿ ನಾಲ್ಕು ಅಂತಸ್ತಿನ ಪಿ.ಜಿ. ಬೆಳೆದು ನಿಂತಿದೆ.

“ಏನ್ ಸಾಮಿ ಇದು, ಮೊಲದ್ ಕೈಗೆ ಬೀಗದ್ ಕೈ ಕೊಟ್ಟಿದೀರಾ? ಯಜಮಾನಿಕೆ ವಹಿಸ್ಕೊಂತಾ?”

“ಮೂರ್ಛೆ ಬಂದಿದೆ ಅಂಜಿನಮ್ಮ. ಕಬ್ಬಿಣ ಹಿಡಿಸಬೇಕು.”

ಅಷ್ಟರಲ್ಲಿ ವಿಜಯ ಎದ್ದು, ಮೈ ಕೊಡವಿ, ಏನೂ ಆಗದವನಂತೆ ಗರಿಕೆ ಮೇಯತೊಡಗಿದ. ಅಂಜಿನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ನಂಗ್ಯಾಕೋ ಇದು ಮೂರ್ಛೆ ಅನ್ನಿಸಾಕಿಲ್ಲ ಸಾಮಿ. ಜಯಮ್ಮನ್ ಕಡೆ ಅವನು ನೋಡೋ ನೋಟಾನೇ ಬ್ಯಾರೆ ಐತೆ.”

“ಜಯಮ್ಮ ಅಲ್ಲ, ಜಯ! ದ್ವಾರಪಾಲಕ. ಗಂಡು. ಅಣ್ಣ ತಮ್ಮ ಕುಸ್ತಿ ಆಡ್ತಾರೆ, ಅಷ್ಟೆ.”

“ಅಣ್ತಮ್ಮಂದ್ರು ಕುಸ್ತಿ ಆಡೋದ ನಾನೂ ಕಂಡಿವ್ನಿ, ಜಮೀನು ಭಾಗ ಆಗೋವಾಗ. ಇಂಗಲ್ಲ ಆಡೋದು.”

ಹಳ್ಳಿಯ ಹೆಂಗಸು, ಪುರಾಣದ ಹೆಸರು ತಿಳಿಯದು ಎಂದು ರಾಯರು ಕ್ಷಮಿಸಿದರು. ವಿಜಯನಿಗೆ ಆ ಸಂಜೆ ಇನ್ನೂ ಕೆಲವು ಸಲ ಮೂರ್ಛೆ ಬಂತು. ಪ್ರತಿಸಲವೂ ಬೀಗದ ಕೈ ಗುಣ ಕೊಟ್ಟಿತು.

ಇದಾಗಿ ಸುಮಾರು ಒಂದು ತಿಂಗಳ ಮೇಲೆ ರಾಯರು ಧೈರ್ಯ ಮಾಡಿ, ಬಹಳ ಹಿಂದೆಯೇ ಕಟ್ಟು ಹಾಕಿಸಲು ಕೊಟ್ಟಿದ್ದ ವತ್ಸಲಾ ಅವರ ಭಾವಚಿತ್ರವನ್ನು ಅಂಗಡಿಯಿಂದ ತಂದರು. ನಡುಮನೆಯಲ್ಲಿ ಮೊಳೆಯಿದ್ದುದು ಗೂಡಿನ ಮೇಲಿನ ಗೋಡೆಯಲ್ಲಿ ಮಾತ್ರ. ಅಲ್ಲೇ ತೂಗುಹಾಕಿ, ಹಾರ ಹಾಕಿ, ಆ ದಿನ ಯಾರೊಡನೆಯೂ ಮಾತಾಡದೆ ಮಲಗಿದರು.

ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದವರು ನಿಂತಲ್ಲೇ ನಿಂತರು. ಜಯ ತನ್ನ ಎದೆಯ ಕೂದಲನ್ನು, ಹೊಟ್ಟೆಯ ಕೂದಲನ್ನು ಬಾಯಿತುಂಬ ಕಚ್ಚಿ ಕಚ್ಚಿ ಕೀಳುತ್ತಿತ್ತು. ಕಿತ್ತದ್ದನ್ನು ಮೂಲೆಗೆ ಒಯ್ದು ಹಾಕಿ, ಬಂದು, ಮತ್ತೆ ಕೀಳುತ್ತಿತ್ತು. ಮೇಲೆ ಭಾವಚಿತ್ರ, ಕೆಳಗೆ ಮೊಲ. ನಿನ್ನೆ ಚಿತ್ರ ಬಂತು, ಇವತ್ತು ಕೂದಲು ಹೋಯಿತು. ಕಾರಣ ಹಿಡಿಯುವುದು ತಪಾಸಕನ ಧರ್ಮ. ರಾಯರು ಹಿಡಿದರು.

“ಸುಕೃತಿ, ಇಲ್ಲಿ ಬಾಮ್ಮ. ಸದ್ದು ಮಾಡಬೇಡ. ಅಮ್ಮನ ಫೋಟೋ ನೋಡಿ ಜಯ ಕೂದಲು ಕಿತ್ಕೊಳ್ತಿದಾನೆ.”

ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ ಸುಕೃತಿ ಹೆಲ್ಮೆಟ್ ತೆಗೆಯುತ್ತ ಬಂದಳು. “ಅಪ್ಪ, ಅದಕ್ಕೆ ಚರ್ಮದ ಕಾಯಿಲೆ ಏನಾದ್ರೂ…”

ಆ ಕ್ಷಣಕ್ಕೆ ಸರಿಯಾಗಿ ಚಿತ್ರದ ಹಿಂದೆ ಹಲ್ಲಿ ಲೊಚಗುಟ್ಟಿತು. ಜಯ ಕಿವಿ ನಿಮಿರಿಸಿ, ತಲೆಯೆತ್ತಿ, ವತ್ಸಲಾ ಅವರ ಮುಖವನ್ನೇ ದಿಟ್ಟಿಸಿತು. ಆಮೇಲೆ ತಲೆ ತಗ್ಗಿಸಿ ಇನ್ನೊಂದು ಹಿಡಿ ಕೂದಲು ಕಿತ್ತಿತು.

ಸುಕೃತಿ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು. ರಾಯರೂ ಕೂತರು. ಕಾಫಿ ಆರಿತು. ಅಂದು ಅಪ್ಪ ಮಗಳು ಅಮ್ಮನ ಬಗ್ಗೆ ಮಾತಾಡಿದರು. ಅವಳ ಕೈಯ ಸಾರು, ಅವಳ ಕೋಪ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಮಕ್ಕಳೊಂದಿಗೂ ಜಗಳ ಆಡುತ್ತಿದ್ದುದು. ಬಂಧುಗಳು, ಸ್ನೇಹಿತರು ಯಾರಿಂದಲೂ ಆಗದ ಕೆಲಸವನ್ನು ಒಂದು ಮೊಲ ಮಾಡಿತ್ತು. ತಮ್ಮ ದುಃಖಕ್ಕೆ ಮನೆಯಲ್ಲೇ ಒಬ್ಬ ಜೊತೆಗಾರನಿದ್ದಾನೆ ಎಂದು ರಾಯರಿಗೆ ಅನಿಸಿತು. ಆ ಅನಿಸಿಕೆಯನ್ನು ಇನ್ನು ಯಾರಾದರೂ ಅವರಿಂದ ಕಿತ್ತುಕೊಳ್ಳುವುದು ಸುಲಭವಾಗಿರಲಿಲ್ಲ.

ಆದರೆ ಮನೆಯಲ್ಲಿ ಕೂದಲು ಬಿದ್ದಿರಬಾರದು. ರಾಯರು ಮೂಲೆಯಲ್ಲಿದ್ದುದನ್ನೆಲ್ಲ ಭಕ್ತಿಯಿಂದ ಬಳಿದು ಒಂದು ಚೀಲಕ್ಕೆ ತುಂಬಿದರು. ಜಯ ಬಂದು ಬರಿದಾದ ಮೂಲೆಯನ್ನು ಮೂಸಿ ನೋಡಿ, ಮತ್ತೆ ಕೀಳತೊಡಗಿತು. ರಾಯರು ಮತ್ತೆ ಬಳಿದರು. ಇವರು ಬಳಿದಷ್ಟೂ ಅದು ಕಿತ್ತಿತು, ಅದು ಕಿತ್ತಷ್ಟೂ ಅದರ ಶೋಕದ ಆಳ ಇವರಿಗೆ ಗೊತ್ತಾಯಿತು.

ಮಾರನೆಯ ದಿನ ಪುರೋಹಿತರಾದ ಸುಧೀಂದ್ರಾಚಾರ್ಯರಿಗೆ ಕರೆ ಹೋಯಿತು. ಅವರು ಗೂಡಿನ ಮುಂದೆ ಕೂತು, ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

“ಋಣಾನುಬಂಧ ರಾಯರೇ. ಪೂರ್ವಜನ್ಮದಲ್ಲಿ ಈ ಜೀವ ಆಕೆಯ ಮಗನೇ ಆಗಿತ್ತು. ಮಗ ಮಾಡಬೇಕಾದ್ದನ್ನು ಮಾಡ್ತಾ ಇದೆ. ಇದು ಕೂದಲಲ್ಲ, ಮುಡಿ. ಕಾವೇರಿಗೇ ಸೇರಬೇಕು.”

“ಶ್ರೀರಂಗಪಟ್ಟಣಕ್ಕೆ ಹೋಗೋಣ ಆಚಾರ್ರೇ.”

“ಅಲ್ಲಿವರೆಗೆ ಸಂಕಲ್ಪ ಮಾಡಿ ದೇವರ ಮನೆಯಲ್ಲಿಡೋಣ.” ಆಚಾರ್ಯರು ಚೀಲದ ಮೇಲೆ ಅಕ್ಷತೆ ಹಿಡಿದು ಮಂತ್ರ ಶುರುಮಾಡಿ ನಡುವೆ ನಿಲ್ಲಿಸಿದರು. “ಮೊಲದ ಗೋತ್ರ?”

ರಾಯರು ಜಯನ ಮುಖ ನೋಡಿದರು. ಜಯ ಮೂಗು ಅಲ್ಲಾಡಿಸಿತು.

“ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಅಂತ ಶಾಸ್ತ್ರವೇ ಇದೆ” ಎಂದು ಆಚಾರ್ಯರು ತಾವೇ ಪರಿಹಾರ ಕಂಡುಕೊಂಡು ಮುಂದುವರಿಸಿದರು.

ಅದರ ಮರುದಿನ ಏಕಾದಶಿ. ಜಯ ಕ್ಯಾರೆಟ್ ಮುಟ್ಟಲಿಲ್ಲ. ರಾಯರಿಗೆ ಮೈ ಜುಮ್ಮೆಂದಿತು. ಪಂಚಾಂಗ ಓದದ ಪ್ರಾಣಿ ಏಕಾದಶಿ ಹಿಡಿಯುವುದೆಂದರೇನು! ಅದರ ವ್ರತಕ್ಕೆ ಭಂಗ ಬರಬಾರದೆಂದು ಗೂಡಿನಲ್ಲಿದ್ದ ಹುಲ್ಲನ್ನೂ ತೆಗೆದಿಟ್ಟರು. ವಿಜಯನಿಗೆ ವ್ರತವೂ ಇರಲಿಲ್ಲ, ಮೂಗಿನ ಮುಂದೆ ಹುಲ್ಲೂ ಇರಲಿಲ್ಲ. ಅವನು ದಿನವಿಡೀ ಗೂಡಿನ ಕಂಬಿ ಕಡಿದ.

ಕಂಬಿಯ ಸದ್ದಿಗಿಂತ ದೊಡ್ಡ ಸದ್ದು ಬೀದಿಯಲ್ಲಿ ಎದ್ದಿತ್ತು. ಅಂಜಿನಮ್ಮ ಹಾಲಿನ ಬೂತಿನಲ್ಲಿ ಹೇಳಿದ್ದು ಇಷ್ಟೇ: “ರಾಯ್ರ ಮನೆ ಜಯಮ್ಮ ಕೂದ್ಲು ಕಿತ್ಕಂತಾವ್ಳೆ, ಪಾಪ.” ಆ ಮಾತು ಬೂತಿನಿಂದ ಬಸ್‌ಸ್ಟಾಪಿಗೆ ಹೋಗುವಷ್ಟರಲ್ಲಿ ಮೊಲ ಗಳಗಳನೆ ಅತ್ತಿತ್ತು. ಬಸ್‌ಸ್ಟಾಪಿನಿಂದ ಬೊಮ್ಮಸಂದ್ರದ ಕಾರ್ಖಾನೆಗಳ ಗೇಟಿಗೆ ಹೋಗುವಷ್ಟರಲ್ಲಿ ‘ಅಮ್ಮಾ’ ಎಂದು ಒಂದು ಸಲ ಕರೆದೂ ಇತ್ತು.

ಅಂಜಿನಮ್ಮನ ಮಗ ಮುನಿಕೃಷ್ಣ ಮುಂದಿನ ಚುನಾವಣೆಗೆ ನಿಲ್ಲುವವನು. ಹಾಗೆಂದು ಯಾರೂ ಹೇಳಿರಲಿಲ್ಲ, ಅವನೇ ಹೇಳಿಕೊಂಡಿದ್ದ. ಆ ಸಂಜೆಯೇ ಬೀದಿಯ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತು: ‘ಮಾತೃಶೋಕದಲ್ಲಿ ಮುಡಿ ಕೊಟ್ಟ ಮೊಲದ ದರ್ಶನಕ್ಕೆ ಆಗಮಿಸುವ ಸಕಲ ಭಕ್ತಾದಿಗಳಿಗೆ ಮುನಿಕೃಷ್ಣ ಮತ್ತು ಗೆಳೆಯರ ಬಳಗದಿಂದ ಸುಸ್ವಾಗತ.’ ಕಪ್ಪು ಕನ್ನಡಕ ಹಾಕಿದ ಮುನಿಕೃಷ್ಣ ಅದರಲ್ಲಿ ಆಳೆತ್ತರಕ್ಕೆ ಕೈಮುಗಿದು ನಿಂತಿದ್ದ. ಮೂಲೆಯಲ್ಲಿ ಯಾವುದೋ ವಿದೇಶದ ಮೊಲವೊಂದು ಹಲ್ಲು ಕಿರಿಯುತ್ತಿತ್ತು. ವತ್ಸಲಾ ಅದರಲ್ಲಿ ಎಲ್ಲಿಯೂ ಇರಲಿಲ್ಲ.

“ಮುನಿಕೃಷ್ಣ, ಇದೆಲ್ಲ ಯಾಕಪ್ಪ?” ಎಂದರು ರಾಯರು.

“ಸುಮ್ನಿರಿ ಅಂಕಲ್. ಈ ಏರಿಯಾದಲ್ಲಿ ಐಟಿ ಕಂಪನಿ ಬಿಟ್ರೆ ಬೇರೆ ಮಹಿಮೆನೇ ಇರ್ಲಿಲ್ಲ. ಈಗೊಂದು ಸಿಕ್ಕಿದೆ, ಬಿಡೋಕಾಗತ್ತಾ? ಲೈನು ನಾನ್ ನೋಡ್ಕೊಳ್ತೀನಿ, ನೀವು ಮೊಲ ನೋಡ್ಕೊಳ್ಳಿ.”

ಗುರುವಾರ ಬೆಳಗಾಗುತ್ತಲೇ ಜನ ಬಂದರು. ಪಾಳಿಗೆ ಹೋಗುವವರು ಗಾಡಿ ನಿಲ್ಲಿಸಿ ಬಂದರು, ಪಾಳಿ ಮುಗಿದವರು ನಿದ್ದೆಗಣ್ಣಲ್ಲಿ ಬಂದರು, ಪಿ.ಜಿ. ಹುಡುಗರು ಮೊಬೈಲ್ ಹಿಡಿದು ಬಂದರು. ಒಬ್ಬರು ಕಂಬಿಯ ಸಂದಿಯಿಂದ ಕೋಸಂಬರಿ ತೂರಿಸಿದರು, ಇನ್ನೊಬ್ಬರು ಬಿಸ್ಕತ್ತು. ಒಬ್ಬಾತ ವಿಜಯನ ಕಿವಿ ಹಿಡಿದು ಮೇಲೆತ್ತಿ ತನ್ನ ಮಗುವಿನ ತಲೆಗೆ ಮುಟ್ಟಿಸಿದ. ಜಯ ಮೂಲೆಯಲ್ಲಿ ಮುದುರಿ ಕೂತು, ಹಿಂಗಾಲನ್ನು ನೆಲಕ್ಕೆ ದಪ್ಪ ದಪ್ಪ ಬಡಿಯುತ್ತಿತ್ತು.

“ತಾಳ ಹಾಕ್ತಿದೆ! ಭಜನೆ ಮಾಡ್ರೋ!” ಎಂದಿತು ಒಂದು ಗಂಟಲು. ಭಜನೆ ಶುರುವಾಯಿತು.

ಸುಕೃತಿ ಜನರ ನಡುವಿನಿಂದ ಜಯನ ಕಣ್ಣು ನೋಡಿದಳು. ಶೋಕವೋ ಏನೋ ಅವಳಿಗೆ ತಿಳಿಯಲಿಲ್ಲ, ಆದರೆ ಹೆದರಿಕೆ ಎನ್ನುವುದು ಮಾತ್ರ ತಿಳಿಯಿತು. ಅಪ್ಪನಿಗೆ ಹೇಳದೆ ಹಿತ್ತಲಿಗೆ ಹೋಗಿ, ಬೇಗೂರು ರಸ್ತೆಯ ಪಶುವೈದ್ಯೆ ಶ್ರೀರಂಜನಿಯವರಿಗೆ ಫೋನು ಮಾಡಿದಳು. ಕೂದಲು ಕೀಳುತ್ತಿದೆ ಎಂದಷ್ಟೇ ಹೇಳಿದ್ದಳು. ಡಾಕ್ಟರು ಮುಂದಿನದನ್ನು ಕೇಳದೆ “ಹೊರಟೆ” ಎಂದರು.

ಒಳಗೆ ಮಹಾಮಂಗಳಾರತಿ. ಆಚಾರ್ಯರು ಕರ್ಪೂರ ಹಚ್ಚಿದರು, ಮುನಿಕೃಷ್ಣನ ಗೆಳೆಯರು ಜಾಗಟೆ ಬಡಿದರು. ಹೊಗೆ ಗೂಡಿನೊಳಗೆ ತುಂಬಿತು. ಗದ್ದಲದ ನಡುವೆ, ಎಲ್ಲರಿಗಿಂತ ಮುಂದೆ ಕೂತಿದ್ದ ಅಂಜಿನಮ್ಮ ಚೀರಿದರು:

“ಅಯ್ಯಯ್ಯೋ, ಇಲಿ! ಗೂಡ್ನಾಗೆ ಇಲಿಮರಿ ಸೇರ್ಕೊಂಡವೆ!”

ರಾಯರು ಬಗ್ಗಿ ನೋಡಿದರು. ಗೂಡಿನ ಬರಿಯ ಕಬ್ಬಿಣದ ತಳದ ಮೇಲೆ, ಕೂದಲಿಲ್ಲದ, ಕಣ್ಣು ತೆರೆಯದ, ಬೆರಳಿನಷ್ಟು ಉದ್ದದ ಗುಲಾಬಿ ಬಣ್ಣದ ಜೀವಗಳು ಅಲ್ಲೊಂದು ಇಲ್ಲೊಂದು ಬಿದ್ದು ಹೊರಳುತ್ತಿದ್ದವು.

“ಶೋಕದಲ್ಲಿರೋ ಮೊಲಕ್ಕೆ ಇಲಿ ಕಾಟ ಬೇರೆ!” ಮುನಿಕೃಷ್ಣ ಮೂಲೆಯಲ್ಲಿದ್ದ ಪೊರಕೆ ಸೆಳೆದ. “ಸರೀರಿ ಎಲ್ಲಾ. ಒಂದೇ ಏಟಿಗೆ…”

“ಪೊರಕೆ ಕೆಳಗಿಡ್ರೀ!”

ಬಾಗಿಲಲ್ಲಿ ಡಾಕ್ಟರು ಶ್ರೀರಂಜನಿ ನಿಂತಿದ್ದರು. ಲೈನಿನಲ್ಲಿ ಬನ್ನಿ ಎಂದು ತಡೆದವರನ್ನು ತಳ್ಳಿಕೊಂಡು ಬಂದಿದ್ದರು. ಅವರ ಒಂದು ಕೈಯಲ್ಲಿ ಔಷಧದ ಚೀಲ, ಇನ್ನೊಂದು ಕೈಗೆ ದಾರಿಯಲ್ಲಿ ಯಾರೋ ಹಾಕಿದ್ದ ತೀರ್ಥ.

“ಇಲಿ ಅಲ್ಲ. ಮರಿಗಳು. ನಿಮ್ಮ ಮೊಲ ಹಡೆದಿದೆ.”

ಜಾಗಟೆ ನಿಂತಿತು. ಆ ನಿಶ್ಶಬ್ದದಲ್ಲಿ ರಾಯರ ಧ್ವನಿ ಮಾತ್ರ ಕೇಳಿತು.

“ಸಾಧ್ಯವಿಲ್ಲ ಡಾಕ್ಟ್ರೇ. ಜಯ ಗಂಡು. ನಾನೇ ತಪಾಸಣೆ ಮಾಡಿ ಪಾಸ್ ಮಾಡಿದ್ದು.”

“ಸಾರ್, ನೀವು ಪಾಸ್ ಮಾಡಿದ ಗಂಡು ಇನ್ನೂ ಒಂದು ಹಡೀತಾ ಇದೆ, ನೋಡಿ ಅಲ್ಲಿ.”

ರಾಯರು ನೋಡಿದರು. ಇನ್ನು ಯಾವ ಭೂತಗನ್ನಡಿಯ ಅಗತ್ಯವೂ ಇರಲಿಲ್ಲ.

“ನಾನು ಮೊದ್ಲಿಂದ ಜಯಮ್ಮ ಅಂತ್ಲೇ ಕರೀತಿದ್ದೆ” ಎಂದರು ಅಂಜಿನಮ್ಮ, ಯಾರನ್ನೂ ನೋಡದೆ.

ಡಾಕ್ಟರು ಎಲ್ಲರನ್ನೂ ಹೊರಗಟ್ಟಿದರು. ಕಾಲು ಬಡಿಯುವುದು ತಾಳವಲ್ಲ, ಪ್ರಾಣಭಯ ಎಂದರು. ಹೆದರಿದ ತಾಯಿ ತನ್ನ ಮರಿಗಳನ್ನೇ ತುಳಿದು ಕೊಂದೀತು ಎಂದರು. ಕಿಟಕಿಗೆ ಪರದೆ ಎಳೆಸಿದರು. ವಿಜಯನನ್ನು ಎದೆಗೂ ಹಿಂಭಾಗಕ್ಕೂ ಕೈ ಕೊಟ್ಟು ಎತ್ತಿ ಅಂಜಿನಮ್ಮನ ಮಡಿಲಿಗೆ ಹಾಕಿದರು. “ಇವನನ್ನು ನಿಮ್ಮ ಮನೆಗೆ ಒಯ್ಯಿರಿ. ಇಲ್ಲೇ ಇದ್ರೆ ಇವತ್ತೇ ಅವಳನ್ನ ಮತ್ತೆ ಬಸಿರು ಮಾಡ್ತಾನೆ. ಕಿವಿ ಹಿಡಿದು ಮಾತ್ರ ಎತ್ತಬೇಡಿ.”

“ಬಾರಪ್ಪ ಮೂರ್ಛೆರೋಗಿ” ಎಂದು ಅಂಜಿನಮ್ಮ ಅವನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಹೋದವರು ಡಾಕ್ಟರು ಕೇಳಿದ್ದ ಮಾವಿನಹಣ್ಣು ತುಂಬುವ ಮರದ ಪೆಟ್ಟಿಗೆಯೊಂದನ್ನು ತಂದುಕೊಟ್ಟರು. ಒಣಹುಲ್ಲು ಹಾಸಿದ್ದಾಯಿತು. ಡಾಕ್ಟರು ಮರಿಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹಿಡಿದು ನೋಡಿದರು. ಮೈ ತಣ್ಣಗಿತ್ತು.

“ಇವಕ್ಕೆ ಮೈಮೇಲೆ ಕೂದಲಿಲ್ಲ. ಅದಕ್ಕೇ ತಾಯಿ ತನ್ನ ಕೂದಲು ಕಿತ್ತು ಮೆತ್ತೆ ಮಾಡೋದು. ಎಲ್ಲಿ ಅದು? ಇಷ್ಟು ಕಿತ್ತಿದಾಳೆ, ಮೈಯೆಲ್ಲ ಬೋಳಾಗಿದೆ, ಗೂಡಲ್ಲಿ ಒಂದೆಳೆ ಇಲ್ಲವಲ್ಲ!”

ರಾಯರು ಗೂಡಿನ ಬರಿದಾದ ಮೂಲೆಯನ್ನು ನೋಡಿದರು. ಇವಳು ಹಾಸಿಗೆ ಮಾಡಿದ್ದಳು, ನಾನು ಬಳಿದಿದ್ದೆ. ಮತ್ತೆ ಮಾಡಿದ್ದಳು, ಮತ್ತೆ ಬಳಿದಿದ್ದೆ.

“ದೇವರ ಮನೆಯಲ್ಲಿದೆ” ಎಂದಳು ಸುಕೃತಿ.

“ತನ್ನಿ ಬೇಗ.”

ಬಾಗಿಲ ಹೊಸ್ತಿಲಲ್ಲೇ ಉಳಿದಿದ್ದ ಆಚಾರ್ಯರು ಕೆಮ್ಮಿದರು. “ಸಂಕಲ್ಪ ಆಗಿದೆ ರಾಯರೇ. ಕಾವೇರಿಗೆ ಅಂತ ತೆಗೆದಿಟ್ಟದ್ದು. ಹಿಂದಕ್ಕೆ ತೆಗೆದ್ರೆ ದೋಷ.”

ಹುಟ್ಟಿದಂದಿನಿಂದ ಶಾಸ್ತ್ರ ಮೀರದವರು ರಾಯರು. ಅವರು ಆಚಾರ್ಯರನ್ನು ನೋಡಿದರು. ಡಾಕ್ಟರ ಅಂಗೈಯಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದ ಮರಿಯನ್ನು ನೋಡಿದರು.

“ದೋಷ ನನಗಿರಲಿ ಆಚಾರ್ರೇ” ಎಂದು ದೇವರ ಮನೆಗೆ ನಡೆದರು.

ಚೀಲ ಬಂತು. ಅಕ್ಷತೆ, ತುಳಸಿದಳ ಎಲ್ಲ ಬೇರ್ಪಡಿಸಿ, ರಾಯರೇ ಪೆಟ್ಟಿಗೆಗೆ ಕೂದಲು ಹಾಸಿದರು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು ಡಾಕ್ಟರು ಮರಿಗಳನ್ನು ಬೆಚ್ಚಗೆ ಮಾಡಿದರು. ಒಂದು ಮರಿ ಬೆಚ್ಚಗಾಗಲಿಲ್ಲ. ಅದನ್ನು ಡಾಕ್ಟರು ಸುಮ್ಮನೆ ಪಕ್ಕಕ್ಕೆ ಇಟ್ಟರು. ರಾಯರು ಅದನ್ನು ಶಲ್ಯದ ತುದಿಯಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಪಾರಿಜಾತದ ಬುಡದಲ್ಲಿ ಮಣ್ಣು ಮಾಡಿ, ಕೈತೊಳೆದು ಬಂದರು. ಆಚಾರ್ಯರು ಅಲ್ಲೇ ನಿಂತಿದ್ದರು.

“ಆಪದ್ಧರ್ಮ ಅಂತ ಒಂದಿದೆ ರಾಯರೇ. ನನಗೆ ಹೊಳೆಯೋದು ತಡವಾಯ್ತು” ಎಂದು ತಗ್ಗಿದ ಧ್ವನಿಯಲ್ಲಿ ಹೇಳಿ ಹೊರಟರು.

ಡಾಕ್ಟರು ಹೊರಡುವ ಮೊದಲು ರಾಯರಿಗೆ ಚೆನ್ನಾಗಿ ಮಂಗಳಾರತಿ ಮಾಡಿದರು. ಮೊಲಕ್ಕೆ ಏಕಾದಶಿ ಎಂದರೆ ಯಮನ ಮನೆ. ಒಂದು ದಿನ ಹೊಟ್ಟೆ ಖಾಲಿ ಬಿದ್ದರೆ ಕರುಳು ನಿಂತುಹೋಗುತ್ತದೆ. ಹುಲ್ಲು ಮತ್ತು ನೀರು ಯಾವಾಗಲೂ ಮುಂದಿರಬೇಕು. ಹಡೆಯುವ ಹೊತ್ತಿಗೆ ತಾನಾಗಿ ಸ್ವಲ್ಪ ತಿನ್ನುವುದು ಬಿಟ್ಟರೆ ಅದು ವ್ರತವಲ್ಲ. ಕೋಸಂಬರಿ, ಬಿಸ್ಕತ್ತು ಬೇಡ. ಕಂಬಿಯ ತಳಕ್ಕೆ ಹಲಗೆ ಹಾಕಬೇಕು, ಇಲ್ಲದಿದ್ದರೆ ಪಾದ ಹುಣ್ಣಾಗುತ್ತದೆ. ಮತ್ತು ಎಲ್ಲಕ್ಕಿಂತ ಮುಖ್ಯ, ಜನ ಬೇಡ.

“ಹಾಗಾದ್ರೆ…” ರಾಯರು ಗೋಡೆಯ ಕಡೆ ಒಮ್ಮೆ ನೋಡಿದರು. “ಅವಳಿಗೆ ನಮ್ಮ ಮನೆಯವರ ನೆನಪು ಬಂದು ಕಿತ್ಕೊಂಡದ್ದಲ್ಲ?”

ಡಾಕ್ಟರು ಆ ತನಕ ಬೈಯುತ್ತಿದ್ದವರು, ಈಗ ಚೀಲದ ಜಿಪ್ ಎಳೆಯುವುದನ್ನು ನಿಲ್ಲಿಸಿದರು.

“ಅಲ್ಲ ಸಾರ್.”

ರಾಯರು ತಲೆಯಾಡಿಸಿದರು. ಸುಕೃತಿ ಮುಖ ತಿರುಗಿಸಿದಳು.

ಸಂಜೆಗೆ ಹೊಸ ಚಿಂತೆ ಹುಟ್ಟಿತು. ಜಯ ಮರಿಗಳ ಹತ್ತಿರ ಸುಳಿಯಲೇ ಇಲ್ಲ. ಪೆಟ್ಟಿಗೆ ಒಂದು ಮೂಲೆಯಲ್ಲಿ, ಅವಳು ಇನ್ನೊಂದು ಮೂಲೆಯಲ್ಲಿ, ಬೆನ್ನು ತಿರುಗಿಸಿ ಹುಲ್ಲು ತಿನ್ನುತ್ತ ಕೂತಳು. ಅಂಜಿನಮ್ಮ ಕೂಸುಗಳಿಗೆ ಹಾಲು ಕುಡಿಸುವ ಒಳಲೆಯನ್ನೂ ಹಸುವಿನ ಹಾಲನ್ನೂ ಹಿಡಿದು ಬಂದರು.

“ಇಂತಾ ತಾಯಿನೂ ಇರ್ತಾಳಾ! ಕೊಡಿ ಸಾಮಿ, ನಾನು ಕುಡಿಸ್ತೀನಿ. ಐದು ಮಕ್ಳ ಸಾಕಿವ್ನಿ.”

ರಾಯರ ಕೈ ಪೆಟ್ಟಿಗೆಯ ಕಡೆ ಹೋಯಿತು. ಸುಕೃತಿ ಆ ಕೈ ಹಿಡಿದಳು. “ಬೇಡ ಅಪ್ಪ. ಒಂದ್ಸಲ ಕೇಳೋಣ.”

ಫೋನಿನಲ್ಲಿ ಡಾಕ್ಟರು ಹೇಳಿದರು: “ಮುಟ್ಟಬೇಡಿ. ಹಸುವಿನ ಹಾಲು ಹಾಕಿದ್ರೆ ಸತ್ತೇ ಹೋಗ್ತವೆ. ಮೊಲ ದಿನಕ್ಕೆ ಒಂದೆರಡು ಸಲ ಮಾತ್ರ, ಹೊತ್ತು ಹುಟ್ಟೋ ಮುಂಚೆ, ಇಲ್ಲಾ ಮುಚ್ಚಂಜೆಯಲ್ಲಿ ಬಂದು ಹಾಲು ಕೊಟ್ಟು ಹೋಗುತ್ತೆ. ಉಳಿದ ಹೊತ್ತು ಬೇಕಂತಲೇ ದೂರ ಕೂರುತ್ತೆ. ಜೊತೆಗೆ ಕೂತ್ರೆ ನರಿ, ನಾಯಿಗೆ ಮರಿಗಳ ಸುಳಿವು ಸಿಗಲ್ವಾ? ಬೆಳಿಗ್ಗೆ ನೋಡಿ. ಮರಿಗಳ ಹೊಟ್ಟೆ ದುಂಡಗಿದ್ರೆ ಹಾಲು ಸಿಕ್ಕ ಹಾಗೆ. ಚಪ್ಪಟೆಯಾಗಿ, ಚರ್ಮ ಸುಕ್ಕಿದ್ರೆ ನನಗೆ ಫೋನ್ ಮಾಡಿ.”

ಇಷ್ಟನ್ನು ನಂಬಿ ಕೈಕಟ್ಟಿ ಕೂರುವುದು ರಾಯರಿಗೆ ಅವರ ಜೀವಮಾನದ ಎಲ್ಲ ತಪಾಸಣೆಗಿಂತ ಕಷ್ಟದ ಕೆಲಸವಾಯಿತು. ಮರುದಿನ ಹಕ್ಕಿ ಕೂಗುವ ಮೊದಲೇ ಎದ್ದು ಅಡಿಗೆಮನೆಯ ಬಾಗಿಲ ಮರೆಯಲ್ಲಿ ಕೂತರು. ಸುಕೃತಿ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದಳು.

“ಬರ್ತಾಳಾ?” ರಾಯರು ಪಿಸುಗುಟ್ಟಿದರು.

“ಶ್… ಅಪ್ಪ.”

ಜಯ ಕಿವಿ ಅಲ್ಲಾಡಿಸಿದಳು. ಅತ್ತ ನೋಡಿದಳು, ಇತ್ತ ನೋಡಿದಳು. ಹುಲ್ಲಿನ ಒಂದು ಎಸಳು ತಿಂದಳು. ಆಮೇಲೆ ಯಾವುದೋ ಮರೆತ ಕೆಲಸ ನೆನಪಾದವಳಂತೆ ಒಂದೇ ನೆಗೆತಕ್ಕೆ ಪೆಟ್ಟಿಗೆಯೊಳಗೆ ಇಳಿದು, ಕಾಲು ಅಗಲಿಸಿ ನಿಂತಳು. ಕೂದಲ ಮೆತ್ತೆ ಅವಳ ಕೆಳಗೆ ಕುದಿಯುವ ಹಾಲಿನಂತೆ ಉಬ್ಬಿ ಇಳಿಯಿತು. ಒಂದು ಸಣ್ಣ ಸ್ತೋತ್ರ ಹೇಳಿ ಮುಗಿಸುವಷ್ಟು ಹೊತ್ತು, ಅಷ್ಟೆ. ಹೊರಗೆ ನೆಗೆದು, ದೂರ ಹೋಗಿ, ಮತ್ತೆ ಬೆನ್ನು ತಿರುಗಿಸಿ ಕೂತಳು.

ಸುಕೃತಿ ಮನುಷ್ಯರ ವಾಸನೆ ತಾಗದಂತೆ ಅಂಗೈಗೆ ಹುಲ್ಲು ಉಜ್ಜಿಕೊಂಡು, ಮೆತ್ತೆ ಸರಿಸಿ, ಮರಿಗಳನ್ನು ನೋಡಿದಳು.

“ಹೊಟ್ಟೆ ದುಂಡಗಿದೆ ಅಪ್ಪ. ಎಲ್ಲದರದ್ದೂ.”

ರಾಯರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. “ಪಾಸ್” ಎನ್ನಲು ಬಾಯಿ ತೆರೆದು, ಏಕೋ ಅನ್ನಲಿಲ್ಲ.

ಬೆಳಕು ಹರಿಯುತ್ತಿದ್ದಂತೆ ಗೇಟಿನ ಸದ್ದಾಯಿತು. ಫ್ಲೆಕ್ಸ್ ಇನ್ನೂ ಇಳಿದಿರಲಿಲ್ಲ. ಹೊರಗೆ ಮುನಿಕೃಷ್ಣ ನಿಂತಿದ್ದ, ಅವನ ಹಿಂದೆ ನಾಲ್ಕಾರು ಮಂದಿ.

“ಅಂಕಲ್, ಮರಿ ವಿಷಯ ನಾವ್ ಹೇಳೋದೇ ಬೇಡ. ಶೋಕ ಹಂಗೇ ಇಟ್ಕೊಳ್ಳೋಣ. ದೂರದಿಂದ ಬಂದವ್ರೆ ಜನ, ಒಂದೈದು ನಿಮಿಷ…”

“ಇಲ್ಲಪ್ಪ.”

“ನನ್ನ ಮರ್ಯಾದೆ ಪ್ರಶ್ನೆ ಅಂಕಲ್!”

“ನನ್ನದು ಹೋಗಿದೆಯಲ್ಲ, ನೋಡು, ಏನೂ ಆಗಲ್ಲ. ಬದುಕಬಹುದು.”

ಮುನಿಕೃಷ್ಣ ರಾಯರ ಮುಖ ನೋಡಿ, ಫೋನು ಕಿವಿಗಿಟ್ಟುಕೊಂಡು ಫ್ಲೆಕ್ಸಿನ ಕಡೆ ನಡೆದ. ಜನ ಗೊಣಗುತ್ತ ಚದುರಿದರು. ಒಬ್ಬ ಹೆಂಗಸು ಮಾತ್ರ ನಿಂತಿದ್ದಳು. ರಾತ್ರಿ ಪಾಳಿಯ ಗುರುತಿನ ಚೀಟಿ ಕೊರಳಲ್ಲೇ ಇತ್ತು: ಮರೆವ್ವ. ಯಾವುದೋ ದೂರದ ಜಿಲ್ಲೆಯಿಂದ ದುಡಿಯಲು ಬಂದವಳಿರಬೇಕು. ಕೈಯಲ್ಲಿ ಒಂದು ಮೊಳ ಕನಕಾಂಬರ.

“ಸಾರ್, ದುಃಖದ ಮೊಲ ಇರೋದು ಇದೇ ಮನೇನಾ?”

ರಾಯರು ಗೇಟಿನ ಮೇಲೆ ಕೈಯಿಟ್ಟರು.

“ದುಃಖ ಇರೋದು ನಮಗೆ ಕಣಮ್ಮ. ಮೊಲ ಬಾಣಂತಿ.”

ಮರೆವ್ವ ಅವರ ಮುಖವನ್ನೇ ನೋಡಿದಳು. ಹೂವನ್ನು ಏನು ಮಾಡಬೇಕೆಂದು ತಿಳಿಯದೆ ಇನ್ನೊಂದು ಕೈಗೆ ದಾಟಿಸಿಕೊಂಡಳು.

“ಯಾರು ಹೋದ್ರು ಸಾರ್?”

ಅಷ್ಟು ಜನ ಬಂದು ಹೋಗಿದ್ದರು. ಮೊಲದ ವಯಸ್ಸು ಕೇಳಿದ್ದರು, ಗೋತ್ರ ಕೇಳಿದ್ದರು, ಏನು ತಿನ್ನುತ್ತದೆ ಎಂದು ಕೇಳಿದ್ದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಮನೆಯಲ್ಲಿ ಬಾಣಂತಿ. ಹೊರಗಿನವರನ್ನು ಒಳಗೆ ಕರೆಯುವಂತಿಲ್ಲ. ರಾಯರು ಚಿಲಕ ತೆಗೆದು, ತಾವೇ ಹೊರಗೆ ಬಂದು, ಕಾಂಪೌಂಡಿನ ಪಕ್ಕದ ಕಲ್ಲುಹಾಸಿನ ಮೇಲೆ ಕೂತರು. ಮರೆವ್ವ ಆಚೆ ತುದಿಯಲ್ಲಿ ಕೂತಳು.

“ನನ್ನ ಹೆಂಡತಿ” ಎಂದರು ರಾಯರು. “ವತ್ಸಲಾ ಅಂತ.”